ನಿಮ್ಮ ಬ್ಲಾಗಿಗೆ ದಾರಿ ತೋರಿಸುತ್ತಿರುವವರು ಯಾರು? ಕಂಡುಕೊಳ್ಳಲು ಒಂದು ಸಣ್ಣ ಪ್ಲಗಿನ್ ಸಾಕು

ಹಳೇ ಪುಸ್ತಕಕ್ಕೆ ಹಿಡಿದ ಬೂಷ್ಟು ತೆಗೆಯುವುದು ಹೇಗೆ ಅಂತ ಒಮ್ಮೆ ನನ್ನ ಬ್ಲಾಗಿನಲ್ಲಿ ಬರೆದಿದ್ದೆ. ಬರೆದು ಮರೆತೂ ಹೋಗಿತ್ತು. ಎಷ್ಟೋ ತಿಂಗಳಾದ ಮೇಲೆ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಗುರುತಿಲ್ಲದ ಒಂದು ಡೊಮೈನ್ ಹೆಸರು ಕಾಣಿಸಿತು, ಪಕ್ಕದಲ್ಲಿ 11 ಅನ್ನುವ ಅಂಕಿ. ಹುಡುಕಿಕೊಂಡು ಹೋದರೆ ಅದು ಪುಸ್ತಕ ಸಂರಕ್ಷಣೆ ಕಲಿಸುವವರೊಬ್ಬರ ಟಿಪ್ಪಣಿ ಪುಟ. ನನ್ನ ಬರಹಕ್ಕೆ ಲಿಂಕ್ ಕೊಟ್ಟು, ಕೆಳಗೆ ಒಂದು ಮಾತು ಸೇರಿಸಿದ್ದರು: ಉಳಿದದ್ದೆಲ್ಲ ಸರಿ, ಆದರೆ ಪುಸ್ತಕವನ್ನು ನೇರ ಬಿಸಿಲಿಗೆ ಒಡ್ಡಬೇಡಿ, ಕಾಗದ ಬಣ್ಣಗೆಟ್ಟು ಪೆಡಸಾಗುತ್ತದೆ, ಗಾಳಿಯಾಡುವ ನೆರಳೇ ಸಾಕು. ಅವರು ನನಗೆ ಮೇಲ್ ಬರೆದಿರಲಿಲ್ಲ, ಕಾಮೆಂಟೂ ಹಾಕಿರಲಿಲ್ಲ. ಆ ಹೆಸರು ನನ್ನ ಕಣ್ಣಿಗೆ ಬೀಳದೇ ಹೋಗಿದ್ದರೆ ಬಿಸಿಲಿನ ಸಲಹೆ ಇವತ್ತಿಗೂ ಅಲ್ಲೇ ಇರುತ್ತಿತ್ತು, ಯಾರದೋ ಪುಸ್ತಕ ಹಾಳಾಗುತ್ತಲೂ ಇರುತ್ತಿತ್ತು.

ಬ್ಲಾಗ್ ಬರೆಯುವವರಿಗೆಲ್ಲ ಒಳಬರುವ ಕೊಂಡಿಗಳ ಮೇಲೆ ಒಂದು ಕಣ್ಣಿಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಎಷ್ಟು ಜನ ಬಂದರು ಅನ್ನುವುದಕ್ಕಿಂತ, ಯಾರು ಯಾವ ಮಾತಿನ ಜೊತೆ ನಿಮ್ಮತ್ತ ಕಳಿಸಿದರು ಅನ್ನುವುದರಲ್ಲಿ ತಿಳಿಯುವುದು ಹೆಚ್ಚು. ಅದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಬ್ಲಾಗ್ ನಡೆಸುತ್ತಿದ್ದು, ಪ್ಲಗಿನ್ (ಬ್ಲಾಗಿಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಹಾಕಿಕೊಳ್ಳುವ ಅವಕಾಶ ಇದ್ದರೆ ಹತ್ತು ನಿಮಿಷದ ಕೆಲಸ. ಬ್ಲಾಗರ್‌ನಲ್ಲಿ ಬರೆಯುವವರಿಗೆ ಈ ಪ್ಲಗಿನ್ ಆಗುವುದಿಲ್ಲ, ಆದರೆ ಅಲ್ಲಿನ ಸ್ಟ್ಯಾಟ್ಸ್ ಪುಟದಲ್ಲೇ ಓದುಗರು ಬಂದ ತಾಣಗಳ ಪಟ್ಟಿ ಸಿಗುತ್ತದೆ. ಪಟ್ಟಿ ಓದುವ ಬಗೆಯನ್ನು ಮುಂದೆ ಹೇಳಿದ್ದೇನೆ, ಅದು ಇಬ್ಬರಿಗೂ ಒಂದೇ.

ಪ್ಲಗಿನ್‌ಗೆ ಗೊತ್ತಾಗುವುದು ಹೇಗೆ

ಓದುಗರೊಬ್ಬರು ಬೇರೊಂದು ಪುಟದಲ್ಲಿರುವ ಲಿಂಕ್ ಒತ್ತಿ ನಿಮ್ಮ ಬ್ಲಾಗಿಗೆ ಬಂದಾಗ, ಅವರ ಬ್ರೌಸರ್ ‘ನಾನು ಇಂಥ ಕಡೆಯಿಂದ ಬಂದೆ’ ಎಂದು ನಿಮ್ಮ ಸರ್ವರಿಗೆ ಒಂದು ಸಾಲು ಕಳಿಸುತ್ತದೆ. ಇದಕ್ಕೆ ರೆಫರರ್ ಅಂತ ಹೆಸರು. ಇಂಗ್ಲಿಷ್ ಕಾಗುಣಿತದಲ್ಲಿ ಈ ಪದಕ್ಕೆ ನಾಲ್ಕು ‘ಆರ್’ ಬೇಕು. 1996ರಲ್ಲಿ, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಯ ದಾಖಲೆ ಪ್ರಕಟವಾದಾಗ ಮೂರೇ ‘ಆರ್’ ಬಿದ್ದು, ಆ ತಪ್ಪು ಕಾಗುಣಿತವೇ ಇಂದಿಗೂ ಎಲ್ಲ ಬ್ರೌಸರ್‌ಗಳಲ್ಲಿ ಓಡಾಡುತ್ತಿದೆ. ಎಲ್ಲಾದರೂ ಹಾಗೆ ಬರೆದದ್ದು ಕಂಡರೆ ನಿಮ್ಮ ಪ್ಲಗಿನ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಪ್ಲಗಿನ್ ಮಾಡುವುದು ಇಷ್ಟೇ: ಆ ಸಾಲನ್ನು ಎತ್ತಿಟ್ಟುಕೊಂಡು ಎಣಿಸಿ ತೋರಿಸುತ್ತದೆ. ಹಿಂದೆ ಇದಕ್ಕೆ ಪ್ಲಗಿನ್ ಹುಡುಕುವ ಪ್ರಮೇಯವೇ ಇರಲಿಲ್ಲ. ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡಿನಲ್ಲೇ ‘ಇನ್‌ಕಮಿಂಗ್ ಲಿಂಕ್ಸ್’ ಅನ್ನುವ ಚೌಕವಿತ್ತು, ಗೂಗಲ್‌ನ ಬ್ಲಾಗ್ ಹುಡುಕಾಟ ಸೇವೆಯಿಂದ ಪಟ್ಟಿ ತಂದು ತೋರಿಸುತ್ತಿತ್ತು. 2013ರ ಡಿಸೆಂಬರಿನಲ್ಲಿ ಬಂದ 3.8ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಆ ಹುಡುಕಾಟ ಸೇವೆಯೂ ಆಮೇಲೆ ನಿಂತುಹೋಯಿತು. ಆ ಚೌಕ ಇದ್ದ ಜಾಗ ಈಗ ನಾವೇ ತುಂಬಿಕೊಳ್ಳಬೇಕು.

ಹಂತ 1: ಪ್ಲಗಿನ್ ಹಾಕಿಕೊಳ್ಳಿ

ನಾನು ಸೂಚಿಸುವುದು ಸ್ಟ್ಯಾಟಿಫೈ. ಉಚಿತ, ಹಗುರ, ಬೇರೆ ಯಾವ ಕಂಪನಿಯ ಖಾತೆಯೂ ಬೇಡ. ಭೇಟಿಯೊಂದಕ್ಕೆ ಅದು ಬರೆದಿಡುವುದು ಒಂದು ಕ್ರಮಸಂಖ್ಯೆ, ದಿನಾಂಕ, ಎಲ್ಲಿಂದ ಬಂದರು, ಯಾವ ಪುಟಕ್ಕೆ ಬಂದರು, ಈ ನಾಲ್ಕೇ. ಓದುಗರ ಐಪಿ ವಿಳಾಸ ಇಟ್ಟುಕೊಳ್ಳುವುದಿಲ್ಲ, ಕುಕೀ ಹಾಕುವುದಿಲ್ಲ. ಕೊಂಡಿ ಯಾರು ಕೊಟ್ಟರು ಅನ್ನುವುದಷ್ಟೇ ನನಗೆ ಬೇಕು, ಓದಿದವರ ಬೆನ್ನು ಹತ್ತುವುದು ಬೇಡ, ಹಾಗಾಗಿ ಇದು ನನಗೆ ಹಿಡಿಸಿತು.

ಡ್ಯಾಶ್‌ಬೋರ್ಡಿನ ಎಡಪಟ್ಟಿಯಲ್ಲಿ ‘ಪ್ಲಗಿನ್ಸ್’, ಅದರೊಳಗೆ ಹೊಸತು ಸೇರಿಸುವ ‘ಆ್ಯಡ್’ ಆಯ್ಕೆ ಒತ್ತಿ. ಹುಡುಕುವ ಚೌಕದಲ್ಲಿ ಇಂಗ್ಲಿಷಿನಲ್ಲಿ ಎಸ್-ಟಿ-ಎ-ಟಿ-ಐ-ಎಫ್-ವೈ ಎಂದು ಬರೆಯಿರಿ. ‘ಇನ್‌ಸ್ಟಾಲ್ ನೌ’ ಒತ್ತಿ, ಅದು ಮುಗಿದ ಮೇಲೆ ‘ಆ್ಯಕ್ಟಿವೇಟ್’. ಬೇರೆ ಪ್ಲಗಿನ್ ಆರಿಸುವವರು ಹಾಕಿಕೊಳ್ಳುವ ಮುಂಚೆ ಅದರ ಪುಟದಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ. ವರ್ಡ್‌ಪ್ರೆಸ್‌ನ ಇತ್ತೀಚಿನ ಮೂರು ಮುಖ್ಯ ಆವೃತ್ತಿಗಳ ಜೊತೆ ಪರೀಕ್ಷಿಸದ ಪ್ಲಗಿನ್‌ಗಳ ಪುಟದ ಮೇಲೆ ಎಚ್ಚರಿಕೆಯ ಪಟ್ಟಿ ಇರುತ್ತದೆ. ಅಂಥದ್ದನ್ನು ಮುಟ್ಟದಿರುವುದೇ ಲೇಸು.

ಹಂತ 2: ನಾಲ್ಕು ಸೆಟ್ಟಿಂಗ್ ಸರಿಪಡಿಸಿ

‘ಸೆಟ್ಟಿಂಗ್ಸ್’ ಒಳಗೆ ಸ್ಟ್ಯಾಟಿಫೈ ಪುಟ ತೆರೆಯಿರಿ. ಮೊದಲು ದಿನಗಳ ಲೆಕ್ಕ. ಹಾಕಿದ ಹಾಗೇ ಬಿಟ್ಟರೆ ಪ್ಲಗಿನ್ 14 ದಿನದ ಮಾಹಿತಿ ಮಾತ್ರ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತದೆ. ತಿಂಗಳಿಗೊಂದು ಬರಹ ಹಾಕುವವರಿಗೆ ಇದು ಏನೂ ಸಾಲದು. 90 ಅಥವಾ 180 ಮಾಡಿ. ಮೇಲ್ಪಟ್ಟಿಯಲ್ಲಿ ಎಷ್ಟು ಹೆಸರು ಕಾಣಬೇಕು ಅನ್ನುವ ಸಂಖ್ಯೆಯನ್ನೂ ಏರಿಸಿ. ಪಟ್ಟಿ ಚಿಕ್ಕದಿದ್ದರೆ ಹುಡುಕುತಾಣ ಮತ್ತು ಫೇಸ್‌ಬುಕ್ಕೇ ಜಾಗವನ್ನೆಲ್ಲ ತಿಂದುಬಿಡುತ್ತವೆ, ಒಂದೆರಡು ಭೇಟಿ ಕಳಿಸಿದ ಸಣ್ಣ ತಾಣ ಕಣ್ಣಿಗೇ ಬೀಳುವುದಿಲ್ಲ. ನಿಮಗೆ ಬೇಕಾಗಿರುವುದು ಆ ಸಣ್ಣ ತಾಣವೇ.

ಮೂರನೆಯದು, ಲಾಗಿನ್ ಆದವರ ಭೇಟಿ ಎಣಿಸದಂತೆ ಗುರುತು ಹಾಕಿ. ಇಲ್ಲದಿದ್ದರೆ ನಿಮ್ಮ ಓಡಾಟವೇ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ನಾಲ್ಕನೆಯದರಲ್ಲೇ ಹೆಚ್ಚಿನವರು ಎಡವುವುದು. ಬ್ಲಾಗ್ ವೇಗವಾಗಿ ತೆರೆಯಲಿ ಅಂತ ಕ್ಯಾಶಿಂಗ್ ಪ್ಲಗಿನ್ ಹಾಕಿಕೊಂಡಿದ್ದೀರಾ? ಹಾಗಿದ್ದರೆ ಎಣಿಕೆಯ ವಿಧಾನದಲ್ಲಿ ಜಾವಾಸ್ಕ್ರಿಪ್ಟ್ ಆರಿಸಿಕೊಳ್ಳಿ. ಕ್ಯಾಶ್ ಆದ ಪುಟವನ್ನು ಕೊಡುವಾಗ ವರ್ಡ್‌ಪ್ರೆಸ್ ಎಚ್ಚರವಾಗುವುದೇ ಇಲ್ಲ, ಮೊದಲೇ ಸಿದ್ಧವಾದ ಪ್ರತಿ ಓದುಗರ ಕೈಗೆ ಹೋಗಿಬಿಡುತ್ತದೆ. ಆಗ ಸರ್ವರಿನಲ್ಲಿ ಕಾದು ಕುಳಿತ ಎಣಿಕೆಗೆ ಏನೂ ಸಿಗುವುದಿಲ್ಲ. ಜಾವಾಸ್ಕ್ರಿಪ್ಟ್ ಓಡುವುದು ಓದುಗರ ಬ್ರೌಸರಿನಲ್ಲಿ, ಆದ್ದರಿಂದ ಅದು ತಪ್ಪಿಸಿಕೊಳ್ಳುವುದಿಲ್ಲ.

ಹಂತ 3: ಕೆಲಸ ಮಾಡುತ್ತಿದೆಯೇ, ಪರೀಕ್ಷಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಮ್ಮದೇ ಇನ್ನೊಂದು ತಾಣವಿದ್ದರೆ ಅಲ್ಲಿ, ಇಲ್ಲವೇ ಸ್ನೇಹಿತರ ಬ್ಲಾಗಿನಲ್ಲಿ ನಿಮ್ಮ ಒಂದು ಬರಹಕ್ಕೆ ಲಿಂಕ್ ಹಾಕಿಸಿ. ಖಾಸಗಿ ವಿಂಡೋದಲ್ಲಿ ಆ ಪುಟ ತೆರೆದು ಲಿಂಕ್ ಒತ್ತಿ. ಮಾಮೂಲಿ ವಿಂಡೋದಲ್ಲಿ ಒತ್ತಿದರೆ ನೀವು ಲಾಗಿನ್ ಆಗಿರುತ್ತೀರಿ, ಎಣಿಕೆ ಆಗುವುದಿಲ್ಲ. ವಿಳಾಸವನ್ನು ಕಾಪಿ ಮಾಡಿ ಅಂಟಿಸಿದರೂ ಪ್ರಯೋಜನವಿಲ್ಲ, ಲಿಂಕನ್ನೇ ಒತ್ತಬೇಕು. ಸ್ವಲ್ಪ ಹೊತ್ತು ಬಿಟ್ಟು ಡ್ಯಾಶ್‌ಬೋರ್ಡಿನ ಚೌಕ ನೋಡಿದರೆ ಆ ತಾಣದ ಹೆಸರು ಬಂದಿರಬೇಕು. ಬರದಿದ್ದರೆ ಕ್ಯಾಶ್ ಖಾಲಿ ಮಾಡಿ ಇನ್ನೊಮ್ಮೆ ಪ್ರಯತ್ನಿಸಿ.

ಹಂತ 4: ಪಟ್ಟಿಯನ್ನು ಓದುವುದು

ಹೆಚ್ಚು ಗಮನ ಬೇಡುವ ಹಂತ ಇದು. ಪ್ಲಗಿನ್ ಹೆಸರುಗಳನ್ನು ಡೊಮೈನ್ ಪ್ರಕಾರ ಗುಂಪು ಮಾಡಿ ತೋರಿಸುತ್ತದೆ. ಕೆಲವು ಹೆಸರು ವಿಚಿತ್ರವಾಗಿ ಕಾಣುತ್ತವೆ. ಫೇಸ್‌ಬುಕ್ಕಿನ ಹೆಸರಿಗೆ ಮುಂದೆ ‘ಎಲ್’ ಅಥವಾ ‘ಎಲ್‌ಎಂ’ ಸೇರಿದ್ದರೆ ಅದೂ ಫೇಸ್‌ಬುಕ್ಕೇ, ಹೊರಗೆ ಹೋಗುವ ಲಿಂಕುಗಳನ್ನು ಅದು ಆ ವಿಳಾಸದ ಮೂಲಕ ಕಳಿಸುತ್ತದೆ. ‘ಟಿ ಡಾಟ್ ಸಿಓ’ ಅಂದರೆ ಟ್ವಿಟರ್, ಈಗಿನ ಎಕ್ಸ್. ‘ಆಂಡ್ರಾಯ್ಡ್-ಆ್ಯಪ್’ ಎಂದು ಶುರುವಾಗುವುದು ಮೊಬೈಲಿನ ಯಾವುದೋ ಆ್ಯಪ್‌ನಿಂದ ಬಂದದ್ದು. ಇವನ್ನೂ ಹುಡುಕುತಾಣಗಳನ್ನೂ ಪಕ್ಕಕ್ಕಿಟ್ಟರೆ ಉಳಿಯುವ ಹೆಸರುಗಳೇ ನಮಗೆ ಮುಖ್ಯ. ಅಲ್ಲಿ ಯಾರೋ ಒಬ್ಬರು ನಿಮ್ಮ ಬರಹವನ್ನು ಓದಿ, ಇದನ್ನು ಇನ್ನೊಬ್ಬರೂ ಓದಲಿ ಎಂದು ಕೈಯಾರೆ ಕೊಂಡಿ ಹಾಕಿದ್ದಾರೆ.

ಆ ತಾಣದ ಯಾವ ಪುಟದಲ್ಲಿ ಹಾಕಿದ್ದಾರೆ? ಹಿಂದೆ ಪೂರ್ತಿ ವಿಳಾಸವೇ ಬರುತ್ತಿತ್ತು, ಒಂದು ಕ್ಲಿಕ್ಕಿಗೆ ಹೋಗಿ ನೋಡಬಹುದಿತ್ತು. ಓದುಗರ ಖಾಸಗಿತನ ಕಾಯಲು ಬ್ರೌಸರ್‌ಗಳು ಈ ಪದ್ಧತಿ ಬದಲಿಸಿದವು. 2020ರಲ್ಲಿ ಕ್ರೋಮ್‌ನ 85ನೇ ಆವೃತ್ತಿ, 2021ರಲ್ಲಿ ಫೈರ್‌ಫಾಕ್ಸ್‌ನ 87ನೇ ಆವೃತ್ತಿ ಬಂದ ಮೇಲೆ, ಒಂದು ತಾಣದಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯವಾಗಿ ಡೊಮೈನ್ ಹೆಸರಷ್ಟೇ ದಾಟುತ್ತದೆ. ಬೀದಿಯ ಹೆಸರು ಗೊತ್ತಾಗುತ್ತದೆ, ಮನೆ ನಂಬರ್ ಗೊತ್ತಾಗುವುದಿಲ್ಲ. ಈ ಬದಲಾವಣೆ ಸರಿಯೆಂದೇ ನನ್ನ ಅಭಿಪ್ರಾಯ. ಯಾರು ಯಾವ ಪುಟದಲ್ಲಿ ಕೂತು ಏನು ಓದುತ್ತಿದ್ದರು ಅನ್ನುವುದು ಮುಂದಿನ ತಾಣಕ್ಕೆ ತಿಳಿಯಬೇಕಾಗಿಲ್ಲ.

ಮನೆ ಹುಡುಕಲು ಬೇರೆ ದಾರಿ ಇದೆ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ಆ ಡೊಮೈನ್ ಹೆಸರು ಸೇರಿಸಿ. ಆಮೇಲೆ ಒಂದು ಜಾಗ ಬಿಟ್ಟು ನಿಮ್ಮ ಬ್ಲಾಗಿನ ಹೆಸರನ್ನೋ ಬರಹದ ತಲೆಬರಹವನ್ನೋ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಅಷ್ಟಕ್ಕೂ ಸಿಗದಿದ್ದರೆ, ಅದೇ ದಿನ ನಿಮ್ಮ ಯಾವ ಬರಹಕ್ಕೆ ಭೇಟಿ ಏರಿದೆ ಎಂದು ಪ್ಲಗಿನ್ನಿನ ಇನ್ನೊಂದು ಪಟ್ಟಿಯಲ್ಲಿ ನೋಡಿ, ಆ ವಿಷಯದ ಪದ ಹಾಕಿ ಆ ತಾಣದೊಳಗೆ ಹುಡುಕಿ. ನನ್ನ ಬೂಷ್ಟಿನ ಬರಹಕ್ಕೆ ಲಿಂಕ್ ಕೊಟ್ಟ ಪುಟ ಸಿಕ್ಕಿದ್ದು ಈ ಎರಡನೇ ದಾರಿಯಲ್ಲೇ. ಅವರು ನನ್ನ ತಲೆಬರಹ ಬಳಸದೆ ತಮ್ಮದೇ ಮಾತಿನಲ್ಲಿ ಬರೆದಿದ್ದರು.

ಒಂದು ಎಚ್ಚರಿಕೆ. ರೆಫರರ್ ಅನ್ನುವುದು ಬ್ರೌಸರ್ ಹೇಳುವ ಮಾತು, ಅದನ್ನು ಸುಳ್ಳಾಗಿ ಹೇಳಿಸುವುದೂ ಸುಲಭ. ನಿಮಗೆ ಕುತೂಹಲ ಹುಟ್ಟಿಸಿ ತಮ್ಮ ತಾಣಕ್ಕೆ ಎಳೆಯಲು ಕೆಲವರು ಯಂತ್ರಗಳಿಂದ ಸುಳ್ಳು ಭೇಟಿ ಕಳಿಸುತ್ತಾರೆ. ಜೂಜು, ಔಷಧ, ‘ರ‍್ಯಾಂಕ್ ಏರಿಸುತ್ತೇವೆ’ ಎಂಬ ವಾಸನೆ ಬರುವ ಹೆಸರು ಕಂಡರೆ ಒತ್ತಿ ನೋಡಬೇಡಿ. ‘ಸೆಟ್ಟಿಂಗ್ಸ್’ನ ‘ಡಿಸ್ಕಷನ್’ ಪುಟದಲ್ಲಿ ‘ಡಿಸ್‌ಅಲೌಡ್ ಕಾಮೆಂಟ್ ಕೀಸ್’ ಎಂಬ ದೊಡ್ಡ ಚೌಕವಿದೆ, ಸಾಲಿಗೊಂದರಂತೆ ಆ ಹೆಸರುಗಳನ್ನು ಅಲ್ಲಿ ಬರೆಯಿರಿ. ಆ ಪಟ್ಟಿಯಲ್ಲಿರುವ ರೆಫರರ್‌ಗಳನ್ನು ಎಣಿಸಬೇಡ ಎಂದು ಸ್ಟ್ಯಾಟಿಫೈ ಪುಟದಲ್ಲೂ ಗುರುತು ಹಾಕಿ. ಮತ್ತೆ ಕಾಟ ಕೊಡುವುದಿಲ್ಲ.

ಹಂತ 5: ಪ್ಲಗಿನ್ ಕಣ್ಣಿಗೆ ಬೀಳದ ಕೊಂಡಿಗಳು

ಯಾರೂ ಒತ್ತದ ಲಿಂಕ್ ಈ ಪಟ್ಟಿಗೆ ಬರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರು ಜನ ಹಂಚಿಕೊಂಡು ಓದಿದರೂ, ಮೇಲ್ ತಂತ್ರಾಂಶದೊಳಗಿಂದ ಬಂದರೂ ಬಹುತೇಕ ರೆಫರರ್ ಇರುವುದೇ ಇಲ್ಲ, ನೇರವಾಗಿ ಬಂದ ಭೇಟಿಯಂತೆ ಕಾಣುತ್ತದೆ. ಕಾಣದ ಈ ಹಂಚಿಕೆಗೆ 2012ರಲ್ಲಿ ಅಮೆರಿಕದ ಪತ್ರಕರ್ತ ಅಲೆಕ್ಸಿಸ್ ಮ್ಯಾಡ್ರಿಗಲ್ ‘ಡಾರ್ಕ್ ಸೋಶಿಯಲ್’ ಎಂದು ಹೆಸರಿಟ್ಟರು. ಲಿಂಕ್ ಕೊಟ್ಟವರ ಪುಟದಲ್ಲೇ ರೆಫರರ್ ಕಳಿಸಬೇಡ ಎಂಬ ಸೂಚನೆ ಇದ್ದರೂ ಅಷ್ಟೇ. ಇಲ್ಲಿ ಯಾವ ಪ್ಲಗಿನ್ನೂ ಏನೂ ಮಾಡಲಾಗದು, ಇದು ಸಾಧ್ಯ ಎಂದು ಹೇಳಿಕೊಳ್ಳುವುದನ್ನು ನಂಬಬೇಡಿ.

ಒತ್ತದೇ ಉಳಿದ ಲಿಂಕುಗಳನ್ನು ಹಿಡಿಯಲು ಎರಡು ಬಲೆಗಳಿವೆ. ಒಂದು, ವರ್ಡ್‌ಪ್ರೆಸ್‌ನಲ್ಲಿ ಮೊದಲಿನಿಂದ ಇರುವ ಪಿಂಗ್‌ಬ್ಯಾಕ್. ಇನ್ನೊಬ್ಬ ಬ್ಲಾಗಿಗರು ನಿಮ್ಮ ಬರಹಕ್ಕೆ ಲಿಂಕ್ ಹಾಕಿ ಪ್ರಕಟಿಸಿದೊಡನೆ ಅವರ ಬ್ಲಾಗು ನಿಮ್ಮ ಬ್ಲಾಗಿಗೆ ಸುದ್ದಿ ಮುಟ್ಟಿಸುತ್ತದೆ, ನಿಮ್ಮ ಬ್ಲಾಗು ಆ ಪುಟಕ್ಕೆ ಹೋಗಿ ಲಿಂಕ್ ನಿಜವಾಗಿ ಇದೆಯೇ ಎಂದು ನೋಡಿ ಬಂದು ಕಾಮೆಂಟುಗಳ ಸಾಲಿನಲ್ಲಿ ತೋರಿಸುತ್ತದೆ. ಎಷ್ಟು ಸೊಗಸಾದ ಯೋಚನೆ! 2002ರಿಂದ ಇದೆ. ದುರುಪಯೋಗವೂ ಕಡಿಮೆಯಾಗಿಲ್ಲ: 2014ರಲ್ಲಿ 1,62,000ಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳ ಪಿಂಗ್‌ಬ್ಯಾಕ್ ಸೌಲಭ್ಯವನ್ನು ಒಂದೇ ತಾಣದ ಮೇಲೆ ದಾಳಿಗೆ ಬಳಸಿದ್ದನ್ನು ಸುಕುರಿ ಎಂಬ ಭದ್ರತಾ ಸಂಸ್ಥೆ ಬಯಲಿಗೆಳೆಯಿತು. ನಿಮ್ಮ ಹೋಸ್ಟಿಂಗ್‌ನವರು ಅದನ್ನು ಮುಚ್ಚಿದ್ದರೆ ತೆರೆಸಲು ಹಟ ಮಾಡಬೇಡಿ. ತೆರೆದಿದ್ದರೆ ‘ಡಿಸ್ಕಷನ್’ ಪುಟದಲ್ಲಿ ಗುರುತು ಹಾಕಿ, ನೀವು ಒಪ್ಪಿದ ಮೇಲೇ ಪ್ರಕಟವಾಗುವಂತೆ ಇಟ್ಟುಕೊಳ್ಳಿ. ಇದರ ಹೊಸ ತಲೆಮಾರು ವೆಬ್‌ಮೆನ್ಶನ್, 2017ರ ಜನವರಿಯಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದಕ್ಕೆ ಶಿಫಾರಸಿನ ಮುದ್ರೆ ಒತ್ತಿತು. ಅದೇ ಹೆಸರಿನ ಪ್ಲಗಿನ್ ವರ್ಡ್‌ಪ್ರೆಸ್‌ಗೂ ಇದೆ.

ಇನ್ನೊಂದು ಬಲೆ ಗೂಗಲ್ ಸರ್ಚ್ ಕನ್ಸೋಲ್. ಬ್ಲಾಗ್ ನಿಮ್ಮದೇ ಎಂದು ಒಮ್ಮೆ ದೃಢಪಡಿಸಿದರೆ ‘ಲಿಂಕ್ಸ್’ ಎಂಬ ವರದಿ ಸಿಗುತ್ತದೆ. ಯಾವ ಬರಹಕ್ಕೆ ಹೆಚ್ಚು ಕೊಂಡಿ, ಯಾವ ತಾಣಗಳಿಂದ, ಲಿಂಕ್ ಹಾಕಿದ ಪದಗಳೇನು, ಮೂರೂ ಅಲ್ಲಿವೆ. ಪಟ್ಟಿ 1,000 ಸಾಲಿಗೆ ನಿಲ್ಲುತ್ತದೆ, ಹವ್ಯಾಸಿ ಬ್ಲಾಗಿಗೆ ಅದು ಧಾರಾಳ. ಬರಹದ ಹೆಸರು ಒತ್ತಿ, ಆಮೇಲೆ ತಾಣದ ಹೆಸರು ಒತ್ತಿದರೆ ಲಿಂಕ್ ಇರುವ ಪುಟದ ಪೂರ್ತಿ ವಿಳಾಸವೇ ಸಿಗುತ್ತದೆ, ಪ್ಲಗಿನ್ ಕೊಡದ ಮನೆ ನಂಬರ್ ಇಲ್ಲಿದೆ. ಆದರೆ ಇದು ನಿಧಾನ, ನಿನ್ನೆ ಹಾಕಿದ ಲಿಂಕ್ ಇವತ್ತು ಕಾಣುವುದಿಲ್ಲ. ನಾನು ಪ್ಲಗಿನ್ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುತ್ತೇನೆ, ಕನ್ಸೋಲನ್ನು ಮೂರು ತಿಂಗಳಿಗೊಮ್ಮೆ. ಕೆಟ್ಟ ಲಿಂಕುಗಳನ್ನು ‘ತಿರಸ್ಕರಿಸುವ’ ಗೂಗಲ್‌ನ ಸಾಧನದ ಬಗ್ಗೆ ಎಲ್ಲಾದರೂ ಓದಿದರೆ ಅದರ ತಂಟೆಗೆ ಹೋಗಬೇಡಿ, ಹೆಚ್ಚಿನ ತಾಣಗಳಿಗೆ ಅದು ಬೇಡವೆಂದು ಗೂಗಲ್ಲೇ ಹೇಳುತ್ತದೆ.

ಹಂತ 6: ಮುರಿದ ಕೊಂಡಿಗಳನ್ನು ಜೋಡಿಸಿ

ಕನ್ನಡದಲ್ಲಿ ಬ್ಲಾಗ್ ಬರೆಯುವವರು ಈ ಹಂತವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕನ್ನಡ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನೇ ವಿಳಾಸ ಮಾಡುತ್ತದೆ. ಬ್ರೌಸರಿನಲ್ಲಿ ಅಂದವಾಗಿ ಕನ್ನಡದಲ್ಲೇ ಕಾಣುತ್ತದೆ, ಒಳಗೆ ಮಾತ್ರ ಒಂದೊಂದು ಅಕ್ಷರ, ಗುಣಿತದ ಒಂದೊಂದು ಚಿಹ್ನೆ, ಒತ್ತಕ್ಷರದೊಳಗಿನ ಒಂದೊಂದು ಹಲಂತ ಚಿಹ್ನೆಯೂ ಶೇಕಡಾ ಚಿಹ್ನೆ ತುಂಬಿದ ಒಂಬತ್ತು ಚಿಹ್ನೆಗಳಾಗುತ್ತದೆ. ತಲೆಬರಹದಿಂದ ಮಾಡುವ ವಿಳಾಸಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200. ನನ್ನ ತಲೆಬರಹ ‘ಪುಸ್ತಕಕ್ಕೆ ಬೂಷ್ಟು ಹಿಡಿದರೆ ಏನು ಮಾಡಬೇಕು’ ಎಂದಿತ್ತು. ‘ಪುಸ್ತಕಕ್ಕೆ’ ಒಂದಕ್ಕೇ 90 ಚಿಹ್ನೆ, ‘ಬೂಷ್ಟು’ವಿಗೆ 54. ನಡುವಿನ ಎರಡು ಅಡ್ಡಗೆರೆ ಸೇರಿದರೆ 146. ಉಳಿದ 54ರಲ್ಲಿ ‘ಹಿಡಿದರೆ’ಯ ಕೊನೆಯ ಎತ್ವಕ್ಕೂ ಜಾಗ ಸಾಲದೆ ವಿಳಾಸ ‘ಹಿಡಿದರ’ ಎಂದು ಅರ್ಧಕ್ಕೆ ನಿಂತಿತು.

ಇಷ್ಟುದ್ದದ ವಿಳಾಸವನ್ನು ಕಾಪಿ ಮಾಡುವಾಗ ಬಾಲ ತುಂಡಾಗುತ್ತದೆ, ಮೇಲ್‌ನಲ್ಲಿ ಎರಡು ಸಾಲಾಗಿ ಒಡೆಯುತ್ತದೆ. ನಿಮ್ಮ ಮೇಲೆ ಅಭಿಮಾನವಿಟ್ಟು ಲಿಂಕ್ ಕೊಟ್ಟವರ ಓದುಗರು ಬಂದು ನೋಡಿದರೆ ‘ಪುಟ ಸಿಗಲಿಲ್ಲ’ ಎಂಬ 404 ಸಂದೇಶ. ಅವರು ಇನ್ನೊಮ್ಮೆ ಬರುವುದಿಲ್ಲ.

ಇದಕ್ಕೆ ರಿಡೈರೆಕ್ಷನ್ ಎಂಬ ಇನ್ನೊಂದು ಉಚಿತ ಪ್ಲಗಿನ್ ಹಾಕಿ. ಮೊದಲ ಬಾರಿ ತೆರೆದಾಗ ಐಪಿ ವಿಳಾಸ ದಾಖಲಿಸುವುದು ಬೇಡ ಎಂದು ಆರಿಸಿ, 404 ದಾಖಲೆ ಬೇಕು ಎಂದು ಗುರುತು ಹಾಕಿ. ‘ಟೂಲ್ಸ್’ ಒಳಗೆ ಅದರ ಪುಟ ಸಿಗುತ್ತದೆ. ಕೆಲವು ದಿನ ಬಿಟ್ಟು 404 ಪಟ್ಟಿ ತೆರೆದರೆ ಯಾವ ವಿಳಾಸ ಕೇಳಿ ಬಂದು ಬರಿಗೈಲಿ ಹೋದರು, ಎಲ್ಲಿಂದ ಬಂದಿದ್ದರು, ಎರಡೂ ಅಕ್ಕಪಕ್ಕ ಕಾಣುತ್ತವೆ. ಬೀಗ ಒಡೆಯಲು ಬಂದ ಯಂತ್ರಗಳ ಸಾಲುಗಳೂ ಅಲ್ಲಿರುತ್ತವೆ, ಅವನ್ನು ಬಿಡಿ. ರೆಫರರ್ ಇದ್ದು, ವಿಳಾಸ ನಿಮ್ಮ ಬರಹದ ತುಂಡಿನಂತೆ ಕಂಡರೆ ಆ ಸಾಲಿನ ಮೇಲೆ ‘ಆ್ಯಡ್ ರಿಡೈರೆಕ್ಟ್’ ಒತ್ತಿ ಸರಿಯಾದ ಬರಹದ ವಿಳಾಸ ಕೊಡಿ. 301 ಎಂಬ ಆಯ್ಕೆ ಇರಲಿ, ಈ ಪುಟ ಶಾಶ್ವತವಾಗಿ ಅಲ್ಲಿಗೆ ಹೋಗಿದೆ ಎಂದು ಅದರ ಅರ್ಥ.

ಇನ್ನು ಮುಂದಿನ ಬರಹಗಳಿಗೆ, ಪ್ರಕಟಿಸುವ ಮುಂಚೆಯೇ ಬಲಪಟ್ಟಿಯ ‘ಸ್ಲಗ್’ ಜಾಗದಲ್ಲಿ ಎರಡು ಮೂರು ಪದದ ಚಿಕ್ಕ ವಿಳಾಸ ಬರೆಯಿರಿ. ಕನ್ನಡದಲ್ಲೇ ಇರಲಿ ಎಂದರೆ ಎರಡು ಪದಕ್ಕೆ ನಿಲ್ಲಿಸಿ. ಹಳೆಯ ಬರಹಗಳ ವಿಳಾಸವನ್ನೂ ಚಿಕ್ಕದು ಮಾಡಲು ಹೆದರಬೇಕಿಲ್ಲ: ವರ್ಡ್‌ಪ್ರೆಸ್ ಹಳೇ ಸ್ಲಗ್ಗನ್ನು ನೆನಪಿಟ್ಟುಕೊಂಡು ಬಂದವರನ್ನು ಹೊಸ ವಿಳಾಸಕ್ಕೆ ಕಳಿಸುತ್ತದೆ. ನಾನು ಬೂಷ್ಟಿನ ಬರಹದ ವಿಳಾಸ ಬದಲಿಸಿದೆ, ಬಿಸಿಲಿನ ಸಾಲನ್ನು ತಿದ್ದಿ ಕೊನೆಗೆ ಆ ಟಿಪ್ಪಣಿ ಪುಟಕ್ಕೆ ಕೊಂಡಿ ಹಾಕಿದೆ, ಆಮೇಲೆ ಖಾಸಗಿ ವಿಂಡೋ ತೆರೆದು ಅವರ ಪುಟದಲ್ಲಿದ್ದ ಹಳೇ ಲಿಂಕನ್ನು ಒತ್ತಿದೆ. ತಿದ್ದಿದ ಬರಹವೇ ತೆರೆದುಕೊಂಡಿತು.